ಟಿಕೆಟ್ಟಿನ ಹಿಂಬದಿ

ಕಾತ್ಯಾಯಿನಿಗೆ ಮೇಜು ಇರಲಿಲ್ಲ.

2020ರ ಮಾರ್ಚ್‌ನಲ್ಲಿ ದೂರದೇಶಕ್ಕೆ ಬಂದು ಅವಳು ಸೇರಿದ್ದ ಸ್ಯಾಂಡಿಫರ್ಡ್‌ನ ಆಫೀಸು ಮುಚ್ಚಿತು. ಎಲ್ಲರಿಗೂ ಒಂದೊಂದು ಲ್ಯಾಪ್‌ಟಾಪು, ಹೆಡ್‌ಸೆಟ್ಟು ಕೊಟ್ಟು ಮನೆಯಿಂದಲೇ ಕೆಲಸ ಮಾಡಿ ಅಂದರು. ಅವಳ ಮನೆ ಎಂದರೆ ಡಾಕ್ಟರ್ ಅಪೂರ್ವಾ ಅವರ ಮನೆಯ ಮಹಡಿಯ ಮೇಲಿನ ಬಾಡಿಗೆ ಕೋಣೆ. ಮಂಚ ಹಾಕಿದ ಮೇಲೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಅವಳು ಇಸ್ತ್ರಿ ಮಾಡುವ ಹಲಗೆಯನ್ನು ತಗ್ಗಿಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಂಚದ ತುದಿಯಲ್ಲಿ ಕೂತಳು. ಜೋರಾಗಿ ಟೈಪ್ ಮಾಡಿದರೆ ಹಲಗೆ ಅಲ್ಲಾಡುತ್ತಿತ್ತು.

ಮೂರನೇ ದಿನ ಲೀಲಾವತಿ ಮೇಲೆ ಬಂದು ಬಾಗಿಲಲ್ಲಿ ನಿಂತು ನೋಡಿದರು. ಅವರು ಅಪೂರ್ವಾಳ ತಾಯಿ. ಫೆಬ್ರವರಿಯಲ್ಲಿ ದಾವಣಗೆರೆಯಿಂದ ಎರಡು ತಿಂಗಳಿಗೆಂದು ಬಂದು, ವಿಮಾನಗಳು ನಿಂತು ಸಿಕ್ಕಿಬಿದ್ದಿದ್ದರು. ಅರವತ್ತೇಳು ವಯಸ್ಸು, ಸಕ್ಕರೆ ಕಾಯಿಲೆ, ಜೊತೆಗೆ ಉಬ್ಬಸ. ಮಗಳು ಕೋವಿಡ್ ವಾರ್ಡಿನಲ್ಲಿದ್ದಳು. ತಾಯಿಗೆ ತಗುಲೀತೆಂದು ಆಸ್ಪತ್ರೆಯ ಹತ್ತಿರವೇ ಬೇರೆ ಕೋಣೆ ಹಿಡಿದಿದ್ದಳು. ಭಾನುವಾರ ಬಂದು ಗೇಟಿನ ಆಚೆ ನಿಂತು ಮಾತಾಡಿಸಿ ಹೋಗುತ್ತಿದ್ದಳು. ಹೀಗೆ ಮನೆಯಲ್ಲಿ ಉಳಿದವರು ಇವರಿಬ್ಬರೇ.

"ಇದೇನೇ ಇದು, ಬಟ್ಟೆ ಜೊತೆ ನಿನ್ನೂ ಇಸ್ತ್ರಿ ಮಾಡ್ಕೊಂತಿದೀಯಾ?" ಅಂದರು. "ಅಡುಗೆಮನೇಲಿ ಅಷ್ಟ್ ದೊಡ್ಡ ಟೇಬಲ್ ಐತೆ. ಇಳಿ ಕೆಳಗೆ."

"ಫೋನಲ್ಲಿ ಮಾತಾಡ್ತಾ ಇರ್ಬೇಕು ಆಂಟಿ. ನಿಮಗೆ ಗಲಾಟೆ ಆಗುತ್ತೆ."

"ಬಸ್ ಸ್ಟ್ಯಾಂಡಲ್ಲಿ ಹತ್ತೊಂಬತ್ತು ವರ್ಷ ಕೂತೋಳಿಗೆ ನಿನ್ನ ಗಲಾಟೆ ಯಾವ ಲೆಕ್ಕ? ಇಳಿ."

ಅಪೂರ್ವಾ ತನ್ನ ತಾಯಿಗೆ ದಾವಣಗೆರೆಯಲ್ಲಿ ಸ್ಟೇಷನರಿ ಅಂಗಡಿ ಇತ್ತು ಎಂದಷ್ಟೇ ಹೇಳಿದ್ದಳು. ಅದು ಲಾಟರಿ ಅಂಗಡಿ ಎಂದು ಕಾತ್ಯಾಯಿನಿಗೆ ತಿಳಿದದ್ದು ಆ ಮೇಜಿನ ಮುಂದೆ ಕೂತ ಮೊದಲ ವಾರದಲ್ಲಿ. ಗಂಡ ತೀರಿಕೊಂಡ ಮೇಲೆ ಲೀಲಾವತಿ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಡಬ್ಬಿ ಅಂಗಡಿ ಹಾಕಿದ್ದರು. ಸಿಕ್ಕಿಂ, ಭೂತಾನ್, ನಾಗಾಲ್ಯಾಂಡ್ ಟಿಕೆಟ್ಟುಗಳನ್ನು ಬಟ್ಟೆ ಕ್ಲಿಪ್ಪು ಹಾಕಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದರು. 2007ರಲ್ಲಿ ಸರ್ಕಾರ ಲಾಟರಿ ನಿಷೇಧಿಸುವ ಹೊತ್ತಿಗೆ ಅಪೂರ್ವಾ ಮೆಡಿಕಲ್ ಓದುತ್ತಿದ್ದಳು.

ಕಾತ್ಯಾಯಿನಿಯ ಕೆಲಸವೂ ಲಾಟರಿಯದೇ. ಅಮೆರಿಕದವರು ಟಿಕೆಟ್ಟಿನ ನಂಬರು ನೋಡಿಕೊಳ್ಳುವ ಒಂದು ಆ್ಯಪ್ ಇತ್ತು. ಅದರ ಗ್ರಾಹಕರು ಕರೆ ಮಾಡಿದರೆ ಉತ್ತರ ಕೊಡುವ ಗುತ್ತಿಗೆ ಈ ಕಂಪನಿಯದು. ಮಧ್ಯಾಹ್ನ ಎರಡರಿಂದ ಪಾಳಿ. ಅವಳ ಎದುರು ಒಂದು ಪಟ್ಟಿ ಯಾವಾಗಲೂ ತೆರೆದಿರುತ್ತಿತ್ತು. ಒಂದೊಂದು ರಾಜ್ಯಕ್ಕೆ ಒಂದೊಂದು ಸಾಲು. ಎಷ್ಟು ವಯಸ್ಸಾಗಿರಬೇಕು, ಗೆದ್ದವರ ಹೆಸರು ಬಹಿರಂಗ ಮಾಡುತ್ತಾರೋ ಇಲ್ಲವೋ, ಎಷ್ಟು ದಿನದೊಳಗೆ ಬಹುಮಾನ ಕೇಳಬೇಕು, ಉಳಿದ ದುಡ್ಡು ಯಾವುದಕ್ಕೆ ಹೋಗುತ್ತದೆ. ಐದು ರಾಜ್ಯಗಳಲ್ಲಿ ಲಾಟರಿಯೇ ಇಲ್ಲ.

ಲೀಲಾವತಿಗೆ ಕೊನೆಯ ಕಾಲಂ ಮೇಲೆ ಕುತೂಹಲ. ಅಕ್ಕಿ ಆರಿಸುತ್ತ, ಕರೆಗಳ ನಡುವಿನ ಬಿಡುವಿನಲ್ಲಿ ಕೇಳುತ್ತಿದ್ದರು.

"ಕೊಲೊರಾಡೊ?"

"ಪಾರ್ಕಿಗೆ."

"ಪಾರ್ಕಿಗಾ! ವಿಸ್ಕಾನ್ಸಿನ್ನು?"

"ಮನೆ ಕಂದಾಯ ಕಮ್ಮಿ ಮಾಡ್ತಾರೆ."

"ಅಂದ್ರೆ ಮನೆ ಇಲ್ದೋನು ಟಿಕೆಟ್ ತಗೋಬೇಕು, ಮನೆ ಇರೋನಿಗೆ ಕಂದಾಯ ಇಳೀಬೇಕು. ಚೆನ್ನಾಗೈತೆ. ಪೆನ್ಸಿಲ್ವೇನಿಯಾ?"

"ವಯಸ್ಸಾದೋರಿಗೆ. ಔಷಧಿ, ಬಸ್ಸು."

"ಜಾರ್ಜಿಯಾ?"

"ಮಕ್ಕಳ ಕಾಲೇಜಿಗೆ, ಸ್ಕಾಲರ್‌ಶಿಪ್ಪು."

ಲೀಲಾವತಿ ಅಕ್ಕಿ ಬಿಟ್ಟು ತಲೆಯೆತ್ತಿದರು. ಆ ಭಾನುವಾರ ಅಪೂರ್ವಾ ಬಂದು ಗೇಟಿನ ಆಚೆ ನಿಂತಾಗ ಬಾಗಿಲಿನಿಂದಲೇ ಕೂಗಿದರು: "ಲಾಟರಿ ದುಡ್ಡಲ್ಲಿ ಓದ್ದೋಳು ನೀನೊಬ್ಳೇ ಅಲ್ವಂತೆ ಕಣೇ! ಜಾರ್ಜಿಯಾದಲ್ಲಿ ಸರ್ಕಾರವೇ ಓದಿಸ್ತೈತಂತೆ!"

"ಅಮ್ಮಾ, ಮೆಲ್ಲಗೆ," ಅಂದಳು ಅಪೂರ್ವಾ. ಅಕ್ಕಪಕ್ಕದಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಅವಳು ಮಾಸ್ಕಿನ ಒಳಗೇ ನಕ್ಕಳು.

ನವೆಂಬರಿನಲ್ಲಿ ಐರೀನ್ ಎಂಬ ಹೆಂಗಸಿನ ಕರೆ ಬಂತು. ಎಪ್ಪತ್ತನಾಲ್ಕು ವರ್ಷ, ಪೆನ್ಸಿಲ್ವೇನಿಯಾದ ಪಶ್ಚಿಮದ ತುದಿಯ ಒಂದು ಊರು. ಗಂಡ ಸ್ಟ್ಯಾನ್ ಆಗಸ್ಟ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದ. ಅವನ ಕೋಟುಗಳನ್ನು ಯಾರಿಗಾದರೂ ಕೊಡೋಣವೆಂದು ಜೇಬು ತಡಕಿದಾಗ ಜೂನ್ ಹದಿನೇಳರ ಡ್ರಾದ ಟಿಕೆಟ್ ಸಿಕ್ಕಿತ್ತು. ಹಲವು ರಾಜ್ಯಗಳು ಸೇರಿ ಆಡಿಸುವ ದೊಡ್ಡ ಆಟ ಅದು. ಐರೀನ್ ನಂಬರು ಓದಿದಳು. ಕಾತ್ಯಾಯಿನಿ ಎರಡು ಸಲ ಹೋಲಿಸಿ ನೋಡಿದಳು. ಐವತ್ತು ಸಾವಿರ ಡಾಲರ್ ಬಂದಿತ್ತು.

ಐರೀನ್ ಕೂಗಲಿಲ್ಲ. "ಸ್ಟ್ಯಾನ್‌ಗೆ ಗೊತ್ತೇ ಇರಲಿಲ್ಲ," ಅಂದಳು. ಮಗಳ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸಿಕೊಂಡು ಅಲ್ಲಿಗೇ ಹೋಗಿ ಇರಬಹುದು ಅಂದಳು. ಒಬ್ಬಳೇ ಇರುವುದು ಸಾಕಾಗಿದೆ ಎಂದೂ ಅಂದಳು. ಆಮೇಲೆ ಕೇಳಿದಳು: "ದುಡ್ಡು ಬೇಕಾದರೆ ಟಿಕೆಟ್ ಅವರಿಗೇ ಕೊಟ್ಟುಬಿಡಬೇಕಾ?"

"ಹೌದು. ಅಸಲು ಟಿಕೆಟ್ಟೇ ಬೇಕು."

"ಹಿಂದುಗಡೆ ಅವನ ಸಹಿ ಇದೆ. ಅವನು ಯಾವಾಗಲೂ ಸಹಿ ಹಾಕಿಡುತ್ತಿದ್ದ. ಅದು ನಡೆಯುತ್ತದಾ ನೋಡಿ, ಫೋಟೊ ಕಳಿಸಿದ್ದೀನಿ."

ಮೇಲ್‌ನಲ್ಲಿ ಟಿಕೆಟ್ಟಿನ ಹಿಂಬದಿಯ ಫೋಟೊ ಬಂತು. ಇಡೀ ಕಾಗದದ ಅಗಲಕ್ಕೂ ಹರಡಿದ ಸಹಿ, ಎಡಕ್ಕೆ ವಾಲಿದ ಅಕ್ಷರ. ಸಹಿ ನಡೆಯುತ್ತದೆ, ಮರಣಪತ್ರ ಮತ್ತಿತರ ಕಾಗದ ಜೊತೆಗಿಡಬೇಕು ಎಂದು ಕಾತ್ಯಾಯಿನಿ ಹೇಳಿದಳು.

"ಈ ಕ್ರಿಸ್‌ಮಸ್ ಕಳೆಯಲಿ," ಅಂದಳು ಐರೀನ್. "ಅಲ್ಲಿವರೆಗೆ ಅದು ನನ್ನ ಹತ್ತಿರ ಇರಲಿ. ಎಷ್ಟು ದಿನ ಇಟ್ಟುಕೊಳ್ಳಬಹುದು?"

ಕಾತ್ಯಾಯಿನಿ ವಿಳಾಸ ನೋಡಿದಳು, ಪಟ್ಟಿ ನೋಡಿದಳು. ಪೆನ್ಸಿಲ್ವೇನಿಯಾ, ಒಂದು ವರ್ಷ. "ಬರುವ ಜೂನ್ ತನಕ," ಅಂದಳು. ಐರೀನ್ ಮೂರು ಸಲ ಥ್ಯಾಂಕ್ಸ್ ಹೇಳಿದಳು.

ಡಿಸೆಂಬರ್ ಹತ್ತನೇ ತಾರೀಖು ಕರೆಗಳು ಕಡಿಮೆ ಇದ್ದವು. ಲೀಲಾವತಿ ಅವಲಕ್ಕಿ ಒಗ್ಗರಣೆ ಹಾಕಿ ತಂದಿಟ್ಟು ಎದುರಿಗೆ ಕೂತರು. ಕಾತ್ಯಾಯಿನಿ ಐರೀನಳ ಕತೆ ಹೇಳಿ ಸಹಿಯ ಫೋಟೊ ತೋರಿಸಿದಳು. ಲೀಲಾವತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಸೀಲ್ ಎಲ್ಲಿ?"

"ಯಾವ ಸೀಲು?"

"ಅಂಗಡಿದು. ನಾವು ಹಿಂದೆ ಸೀಲ್ ಹೊಡೆದೇ ಮಾರ್ತಿದ್ವಿ. ಬಹುಮಾನ ಬಂತು ಅಂತ ಯಾರಾದ್ರೂ ಬಂದ್ರೆ ನಂಬರ್ ಆಮೇಲೆ. ಮೊದ್ಲು ತಿರುಗಿಸಿ ನೋಡ್ಬೇಕು, ಎಲ್ಲಿ ತಗೊಂಡಿದ್ದು ಅಂತ. ಹರಿಹರದಲ್ಲಿ ತಗೊಂಡು ನನ್ ಹತ್ರ ಬಂದ್ರೆ ನಾನ್ಯಾಕೆ ಕೊಡ್ಲಿ?"

ಕಾತ್ಯಾಯಿನಿ ಚಮಚ ಕೆಳಗಿಟ್ಟಳು. ಅವಳು ನೋಡಿದ್ದು ವಾಸದ ವಿಳಾಸ. ಎಲ್ಲಿ ಕೊಂಡಿರಿ ಎಂದು ಕೇಳಿರಲಿಲ್ಲ. ಆಟ ಒಂದೇ ಆದರೂ ಟಿಕೆಟ್ ಮಾರಿದ ರಾಜ್ಯದ ನಿಯಮವೇ ನಡೆಯುವುದು. ಐರೀನಳ ಊರು ದಾಟಿದರೆ ಓಹಾಯೊ ರಾಜ್ಯ. ಅಲ್ಲಿ ನೂರೆಂಬತ್ತು ದಿನ ಮಾತ್ರ. ಜೂನ್ ಹದಿನೇಳರಿಂದ ಎಣಿಸಿದರೆ ಡಿಸೆಂಬರ್ ಹದಿನಾಲ್ಕಕ್ಕೆ ಮುಗಿಯುತ್ತದೆ.

"ಫೋನ್ ಮಾಡು," ಅಂದರು ಲೀಲಾವತಿ.

"ನಾವಾಗಿ ಫೋನ್ ಮಾಡೋ ಹಾಗಿಲ್ಲ ಆಂಟಿ. ಮೇಲ್ ಮಾಡ್ಬೇಕು. ರೂಲ್ಸು."

"ಎಪ್ಪತ್ನಾಲ್ಕು ವರ್ಷದೋಳು ದಿನಾ ಮೇಲ್ ನೋಡ್ತಾಳಾ?"

"ಫೋಟೊ ಕಳಿಸಿದ್ರಲ್ಲ. ನೋಡ್ತಾರೆ. ಇಲ್ಲೇ ಪಕ್ಕದ ಅಂಗಡೀಲಿ ತಗೊಂಡಿರ್ತಾರೆ ಬಿಡಿ."

ಅವಳು ಮೇಲ್ ಮಾಡಿದಳು. ಟಿಕೆಟ್ಟಿನ ಮುಂಬದಿಯ ಫೋಟೊ ತಕ್ಷಣ ಕಳಿಸಿ ಎಂದು ಬರೆದಳು. ಹನ್ನೊಂದು, ಹನ್ನೆರಡು ಉತ್ತರವಿಲ್ಲ. ಇನ್ನೊಂದು ಮೇಲ್ ಮಾಡಿದಳು. ಟೀಮ್ ಲೀಡ್ ತರುಣ್ ಮೈಸೂರಿನವನು. ಅವನಿಗೆ ಹೇಳಿದಾಗ, "ಮೇಲ್ ಹೋಗಿದೆ ತಾನೆ? ಹಾಗಾದ್ರೆ ಗ್ರ್ಯಾಂಡ್, ಬಿಡು," ಅಂದ, ಎಲ್ಲ ಸರಿಯಿದೆ ಎನ್ನಲು ಇಲ್ಲಿಯವರು ಬಳಸುವ ಮಾತಿನಲ್ಲಿ.

ಉತ್ತರ ಬಂದದ್ದು ಹದಿನೇಳಕ್ಕೆ. ತಡವಾಯಿತು, ಕ್ಷಮಿಸಿ, ಮೊಮ್ಮಗ ಬಂದಾಗಷ್ಟೇ ಮೇಲ್ ತೆಗೆಯುವುದು, ಆವತ್ತು ಫೋಟೊ ಕಳಿಸಿದ್ದೂ ಅವನೇ ಎಂದು ಐರೀನ್ ಬರೆದಿದ್ದಳು. ಜೊತೆಗೆ ಟಿಕೆಟ್ಟಿನ ಮುಂಬದಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಓಹಾಯೊ ಎಂದಿತ್ತು.

ಕಾತ್ಯಾಯಿನಿ ಪಟ್ಟಿಯನ್ನು ಮತ್ತೆ ನೋಡಿದಳು. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿದಳು. ಮೂರು ದಿನ ಕಳೆದಿತ್ತು. ಹೆಡ್‌ಸೆಟ್ ತೆಗೆದು ಕೂತಳು. ಲೀಲಾವತಿ ಏನೆಂದು ಕೇಳಿದರು. ಹೇಳಿದಳು.

"ಅವ್ಳಿಗೆ ಹೇಳಿ ಏನ್ ಮಾಡ್ತೀಯ? ದುಡ್ಡು ವಾಪಸ್ ಬರುತ್ತಾ?" ಅಂದರು ಅವರು. "ಸುಮ್ನಿರು. ಜೂನ್ ತನಕ ಖುಷಿಯಾಗಿ ಇರ್ತಾಳೆ ಪಾಪ."

"ಜೂನಲ್ಲಿ?"

"ಜೂನಲ್ಲಿ ಏನು?"

"ಕಾಗದ ಎಲ್ಲ ಜೋಡಿಸ್ಕೊಂಡು ಆಫೀಸಿಗೆ ಹೋಗ್ತಾರೆ. ಕಿಟಕೀಲಿ ಕೊಡ್ತಾರೆ. ಕಿಟಕೀಲಿ ಕೂತೋರು ಹೇಳ್ತಾರೆ."

ಲೀಲಾವತಿ ಎದ್ದು ಟೀಗೆ ನೀರಿಟ್ಟರು. ಕುದಿಯುವವರೆಗೂ ಒಲೆಯ ಹತ್ತಿರವೇ ನಿಂತಿದ್ದರು.

"ಕ್ಯೂ ಮುಂದೆ ನಾನು ಯಾವತ್ತೂ ಹೇಳಿದೋಳಲ್ಲ," ಅಂದರು. "ಹಮಾಲಿ ಬಸವಣ್ಣ ಅಂತಿದ್ದ. ಒಂದ್ಸಲ ಒಂದೇ ಒಂದು ನಂಬರ್ ತಪ್ಪು. ಅವ್ನು ಎಲ್ಲ ಸರಿ ಐತೆ ಅಂದ್ಕೊಂಡು ನಾಕು ಜನರನ್ನ ಕರ್ಕೊಂಡು ಕುಣೀತಾ ಬಂದ. ಹಿಂದೆ ಬಾ ಅಂತ ಕರೆದು, ಟೀ ತರಿಸಿ, ಅವ್ನು ಅರ್ಧ ಕುಡಿದ ಮೇಲೆ ಹೇಳಿದೆ. ಅತ್ತ. ಆದ್ರೆ ಯಾರೂ ನೋಡ್ಲಿಲ್ಲ." ಲೋಟ ಮೇಜಿನ ಮೇಲಿಟ್ಟರು. "ಮಾಡು ಫೋನು. ಮೊದ್ಲು ಕೂತಿದಾಳಾ ಕೇಳು. ನಾನು ಇಲ್ಲೇ ಇರ್ತೀನಿ."

ಕಾತ್ಯಾಯಿನಿ ತನ್ನ ಸ್ವಂತ ಮೊಬೈಲಿನಿಂದ ಮಾಡಿದಳು. ಐರೀನ್ ಎರಡನೇ ರಿಂಗಿಗೇ ಎತ್ತಿದಳು. ಕೂತಿದ್ದೀರಾ ಎಂದು ಇವಳು ಕೇಳಿದಳು. ಕೂತಿದ್ದೀನಿ, ಕಾಫಿ ಕುಡಿಯುತ್ತಿದ್ದೀನಿ ಅಂದಳು. ಸ್ವಲ್ಪ ಕುಡಿಯಿರಿ ಅಂದಳು ಕಾತ್ಯಾಯಿನಿ. ಆಮೇಲೆ ನಿಧಾನಕ್ಕೆ, ಏನನ್ನೂ ಬಿಡದೆ ಹೇಳಿದಳು. ತಾನು ತಪ್ಪು ರಾಜ್ಯದ ಸಾಲು ನೋಡಿದ್ದು, ಹತ್ತನೇ ತಾರೀಖು ಅನುಮಾನ ಬಂದದ್ದು, ಫೋನ್ ಮಾಡದೆ ಮೇಲ್ ಮಾಡಿದ್ದು.

ಆ ಕಡೆ ಕಪ್ಪು ಇಟ್ಟ ಸದ್ದಾಯಿತು.

"ಅವನು ಕೆಲಸ ಮುಗಿಸಿ ಬರುವಾಗ ಗಡಿಯ ಆಚೆ ಪೆಟ್ರೋಲ್ ಬಂಕಿನಲ್ಲಿ ಕೊಳ್ಳುತ್ತಿದ್ದ," ಅಂದಳು ಐರೀನ್. "ಹತ್ತನೇ ತಾರೀಖು ಅಂದೆಯಲ್ಲ? ನಾನೇ ಕಾರು ಓಡಿಸಿಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ."

"ಹೌದು."

"ಜೂನ್ ಅಂತ ಹೇಳಿದವಳು ನೀನೇ."

"ಹೌದು, ನಾನೇ."

ಲೀಲಾವತಿ ಕಾತ್ಯಾಯಿನಿಯ ಮೊಣಕೈ ಹಿಡಿದುಕೊಂಡರು. ಅವರಿಗೆ ಇಂಗ್ಲಿಷ್ ಅಷ್ಟು ಅರ್ಥವಾಗುತ್ತಿರಲಿಲ್ಲ. 

"ಆ ದುಡ್ಡು ಈಗ ಎಲ್ಲಿಗೆ ಹೋಗುತ್ತದೆ?" ಐರೀನ್ ಕೇಳಿದಳು.

ಕಾತ್ಯಾಯಿನಿಗೆ ಕೊನೆಯ ಕಾಲಂ ನೋಡಬೇಕಾಗಿರಲಿಲ್ಲ. "ಓಹಾಯೊದ ಶಾಲೆಗಳಿಗೆ."

"ಇಲ್ಲಾಗಿದ್ದರೆ ನಮ್ಮಂಥ ಮುದುಕರಿಗೆ ಬರುತ್ತಿತ್ತು." ಅವಳು ನಗಲು ನೋಡಿದಳು, ಆಗಲಿಲ್ಲ. ಸ್ವಲ್ಪ ಹೊತ್ತು ಅತ್ತಳು. ಕಾತ್ಯಾಯಿನಿ ಫೋನ್ ಇಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೊನೆಗೆ ಐರೀನ್, "ನಿನಗೆಷ್ಟು ವಯಸ್ಸು?" ಅಂದಳು.

"ಇಪ್ಪತ್ತಾರು."

"ಅಲ್ಲಿ ನಿನ್ನ ಜೊತೆ ಯಾರಾದರೂ ಇದ್ದಾರಾ?"

"ಇದ್ದಾರೆ."

"ಹಾಗಿದ್ದರೆ ಒಳ್ಳೆಯದು," ಅಂದು ಐರೀನ್ ಫೋನ್ ಇಟ್ಟಳು.

ಮಾರನೆಯ ದಿನ ಕಾತ್ಯಾಯಿನಿ ನಡೆದದ್ದನ್ನೆಲ್ಲ ಬರೆದು ತರುಣ್‌ಗೆ ಕಳಿಸಿದಳು. ಅವನು ತಲೆ ಹಿಡಿದುಕೊಂಡೇ ವಿಡಿಯೊ ಕಾಲ್ ಮಾಡಿದ.

"ಮೇಲ್ ಮಾಡಿದ್ದೆ, ಅಲ್ಲಿಗೆ ನೀನು ಸೇಫ್ ಆಗಿದ್ದೆ. ಸ್ವಂತ ನಂಬರಿಂದ ಫೋನ್ ಯಾಕ್ ಮಾಡ್ದೆ ಮಾರಾಯ್ತಿ? ಅದೂ ತಪ್ಪು ನಂದು ಅಂತ ಒಪ್ಕೊಂಡು?"

"ತಪ್ಪು ನಂದೇ ಅಲ್ವಾ."

"ಅದು ಬೇರೆ ವಿಷ್ಯ," ಅಂದ ಅವನು. ಅವನೇನೂ ಕೆಟ್ಟವನಲ್ಲ. ಮೇಲಿನವರ ಹತ್ತಿರ ಎರಡು ಸಲ ಮಾತಾಡಿ ನೋಡಿದ. ಜನವರಿಯಲ್ಲಿ ಕಂಪನಿಯಿಂದ ಪತ್ರ ಬಂತು. ಲ್ಯಾಪ್‌ಟಾಪನ್ನೂ ಹೆಡ್‌ಸೆಟ್ಟನ್ನೂ ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಬೇಕಿತ್ತು. ಲೀಲಾವತಿ ಪೆಟ್ಟಿಗೆಯ ಮೇಲೆ ಟೇಪು ಹಿಡಿದುಕೊಂಡರು, ಕಾತ್ಯಾಯಿನಿ ಕತ್ತರಿಸಿದಳು.

"ಇನ್ಮೇಲೆ ಬಾಡಿಗೆ ಬೇಡ ಅಂತ ಅಪೂರ್ವಾಗೆ ಹೇಳಿದೀನಿ," ಅಂದರು ಲೀಲಾವತಿ. "ಬೇರೆ ಕೆಲ್ಸ ಸಿಗೋ ತನಕ. ಮಾತಾಡ್ಬೇಡ, ಅಂಟಿಸು."

ಹೋದದ್ದು ಐವತ್ತು ಸಾವಿರ ಡಾಲರು, ಐರೀನಳ ಮಗಳ ಮನೆಯ ಹಿಂದೆ ಒಂದು ಕೋಣೆ, ಒಂದು ಕೆಲಸ.