ಗೂಡು ಅರಿಯದ ಕೋಳಿಗಳು

ಸುಗ್ರಾಬಿ ತೀರಿಕೊಂಡ ನಲವತ್ತನೆಯ ದಿನದ ಫಾತಿಹಾ ಊಟ ಹತ್ತಿರ ಬಂದಾಗ ಅವಳ ತಂದೆ ಇಮಾಮ್ ಸಾಬ್ ದಾವಣಗೆರೆಯಿಂದ ಎಂಟು ಕೋಳಿ ತಂದ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವುದು ಅವನ ಕಸುಬು. ವಿದ್ಯಾನಗರದಲ್ಲಿ ಹೊಸ ಮನೆ ಕಟ್ಟಿಸಿದ್ದ ಕೋಳಿಫಾರಂ ಯಜಮಾನರೊಬ್ಬರಿಗೆ ಹಾಸಿಗೆ ಹೊಲಿದುಕೊಡಲು ಹೋಗಿದ್ದ. ಅವನ ಮಗಳು ತೀರಿಕೊಂಡದ್ದನ್ನು ಕೇಳಿ ಅವರು ಮರುಗಿದರು. ಮೊಟ್ಟೆ ಕಡಿಮೆಯಾದ ಕೋಳಿಗಳು ಹೇಗೂ ಕಟುಕರ ಲಾರಿಗೆ ಹೋಗುವಂಥವು, ನಿನ್ನ ಮನೆಯ ಊಟಕ್ಕಾದರೂ ಆಗಲಿ ಎಂದು ಕೊಡಿಸಿದರು. ಅವನು ಬುಟ್ಟಿಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹರಿಹರಕ್ಕೆ ಬಂದ.

ಅವನ ಹೆಂಡತಿ ಹಜೀರಾಬಿ ಬುಟ್ಟಿಯ ಮುಚ್ಚಳ ತೆಗೆದು ಒಂದೊಂದನ್ನೇ ಹೊರಗೆತ್ತಿ ನೋಡಿದಳು. ಕತ್ತಿನಲ್ಲಿ, ಬೆನ್ನಿನಲ್ಲಿ ಪುಕ್ಕವಿರಲಿಲ್ಲ. ಜುಟ್ಟು ಬಿಳಿಚಿ ಒಂದು ಕಡೆಗೆ ಜೋತಿತ್ತು. ಕೊಕ್ಕಿನ ತುದಿಯನ್ನು ಯಾರೋ ಕತ್ತರಿಸಿದ್ದರು. ನೆಲಕ್ಕೆ ಬಿಟ್ಟರೆ ಒಂದೂ ಹೆಜ್ಜೆ ಎತ್ತಲಿಲ್ಲ, ಬಿಟ್ಟಲ್ಲೇ ಕುಕ್ಕರಿಸಿದವು. ಹುಟ್ಟಿದಾಗಿನಿಂದ ತಂತಿಯ ಪಂಜರದಲ್ಲಿ ನಿಂತ ಜೀವಗಳಂತೆ, ಮಣ್ಣು ಇದೇ ಮೊದಲಂತೆ ಎಂದು ಇಮಾಮ್ ಸಾಬ್ ಹೇಳಿದ.

ಹಲಾಲು ಮಾಡುವ ಮುಂಚೆ ಕೋಳಿಯನ್ನು ಮೂರು ದಿನ ಮನೆಯಲ್ಲಿಟ್ಟು ಶುದ್ಧವಾದ ಕಾಳು ಹಾಕುವುದು ಅತ್ತೆಯ ಕಾಲದಿಂದ ಆ ಮನೆಯ ಪದ್ಧತಿ. ಬೀದಿಯ ಹೊಲಸು ಕೆದರಿ ತಿಂದ ಹೊಟ್ಟೆ ತಿಳಿಯಾಗಬೇಕು ಎಂಬುದು ಅದರ ಅರ್ಥ. ಇವು ಬೀದಿಯನ್ನೇ ಕಂಡಿಲ್ಲ, ಇವಕ್ಕೆ ಅದೆಲ್ಲ ಬೇಕಿಲ್ಲ ಎಂದ ಇಮಾಮ್ ಸಾಬ್. ಮಗಳ ಕಾರ್ಯದಲ್ಲಿ ಯಾವ ನೇಮವನ್ನೂ ಬಿಡಲು ಹಜೀರಾಬಿ ಒಪ್ಪಲಿಲ್ಲ. ಆ ಮೂರು ದಿನವೇ ಆಕೆಯನ್ನು ಆ ಕೋಳಿಗಳಿಗೆ ಕಟ್ಟಿಹಾಕಿತು.

ಹಿತ್ತಲಿನ ಕಲ್ಲಿನ ಗೂಡು ಖಾಲಿಯಿತ್ತು. ಕಾಮಾಲೆ ಹತ್ತಿದ ಮಗಳ ಆರೈಕೆಗೆಂದು ದಾವಣಗೆರೆಯ ಆಸ್ಪತ್ರೆಗೆ ಹೋಗುವಾಗ ಆಕೆ ತನ್ನ ನಾಟಿ ಕೋಳಿಗಳನ್ನೆಲ್ಲ ಪಕ್ಕದ ಮನೆಯ ರಂಗವ್ವನಿಗೆ ಒಪ್ಪಿಸಿ ಹೋಗಿದ್ದಳು. ಹಿಂದಿರುಗಿ ಬಂದ ಮೇಲೆ ಅವನ್ನು ವಾಪಸು ಕೇಳಿರಲಿಲ್ಲ. ಈಗ ಗೂಡು ಗುಡಿಸಿ ಬೂದಿ ಹರವಿದಳು. ಗಂಡನ ಮೂಟೆಯಿಂದ ಹಿಂಜಿ ಉಳಿದ ಕಸರು ಹತ್ತಿ ತಂದು ಮೂಲೆಗೆ ತುಂಬಿದಳು. ಜೋಳದ ನುಚ್ಚು ಚೆಲ್ಲಿದರೆ ಕೋಳಿಗಳಿಗೆ ನೆಲದಿಂದ ಹೆಕ್ಕುವುದು ತಿಳಿಯಲಿಲ್ಲ. ಅಂಗೈಯಲ್ಲಿ ಹಿಡಿದು ಕೊಕ್ಕಿಗೆ ತಾಗಿಸಬೇಕಾಯಿತು. ಒಂದು ಕೋಳಿ ನಿಂತಲ್ಲೇ ಮೊಟ್ಟೆಯಿಟ್ಟು, ಹಿಂದಿರುಗಿ ಸಹ ನೋಡಲಿಲ್ಲ. ಪಂಜರದಲ್ಲಿ ಇಟ್ಟ ಮೊಟ್ಟೆ ತಂತಿಯ ಇಳಿಜಾರಿನಲ್ಲಿ ಆಗಲೇ ಉರುಳಿ ಹೋಗುತ್ತದಂತೆ.

ಸಂಜೆ ಮಗ್ರಿಬ್ ಅಜಾನ್ ಆಗಿ ಬೆಳಕು ಕುಂದಿತು. ನಾಟಿ ಕೋಳಿಯಾದರೆ ಆ ಹೊತ್ತಿಗೆ ಗೂಡಿನ ಬಾಯಲ್ಲಿರುತ್ತದೆ. ಇವು ಹಿತ್ತಲ ಅಂಗಳದಲ್ಲೇ ಕುಳಿತಿದ್ದವು. ಫಾರಮ್ಮಿನಲ್ಲಿ ಕತ್ತಲಾದ ಮೇಲೂ ದೀಪ ಉರಿಯುತ್ತಿತ್ತು; ಸಂಜೆಯೆಂದರೇನೆಂದು ಇವಕ್ಕೆ ಯಾರೂ ಕಲಿಸಿರಲಿಲ್ಲ. ಆಕೆ ಒಂದೊಂದನ್ನೇ ಎತ್ತಿ ಒಳಗಿಟ್ಟಳು. ಹಗುರ, ಬಿಸಿ, ಎದೆಯೆಲುಬು ಕೈಗೆ ಚುಚ್ಚುವಂತೆ. ಕಡೆಯ ದಿನಗಳಲ್ಲಿ ಸುಗ್ರಾಬಿಯನ್ನು ಹೀಗೆಯೇ ಎತ್ತಿ ಕೂರಿಸಬೇಕಾಗಿತ್ತು.

ಮೂರನೆಯ ಸಂಜೆ ಒಂದು ಕೋಳಿ ತಾನಾಗಿ ನಾಲ್ಕು ಹೆಜ್ಜೆ ಇಟ್ಟು ಗೂಡಿನೊಳಗೆ ಹೋಯಿತು. ಹಜೀರಾಬಿ ನೋಡುತ್ತ ನಿಂತಳು. ಮರುದಿನವೇ ಊಟ. ಇಮಾಮ್ ಸಾಬ್ ಚಾಕು ಮಸೆಯಲು ಕುಳಿತಿದ್ದ. ಆಕೆ ಅವನ ಮುಂದೆ ಬಂದು ಕುಳಿತಳು.

"ಇವನ್ನ ಕೊಯ್ಯಾದು ಬ್ಯಾಡ್ರಿ" ಎಂದಳು.

"ಮಂದಿನ ಕರ್ದೀನಿ. ಮಲೆಬೆನ್ನೂರಿಂದ ಅಕ್ಕ ಬರ್ತಾಳೆ. ಅವರ ಮುಂದೆ ಏನಿಡ್ಲಿ?"

"ಬೇಳೆ ಖಿಚಡಿ ಮಾಡ್ತೀನಿ. ನನ್ನ ಮಗಳ ಹೆಸರಿನ್ಯಾಗ ಇವಕ್ಕ ಚಾಕು ಬ್ಯಾಡ. ಇವು ಇನ್ನೂ ನಡಿಯಾದು ಕಲ್ತಿಲ್ಲ."

ನಂಟರ ನಡುವೆ ತಲೆ ತಗ್ಗುತ್ತದೆಂದು ಅವನಿಗೆ ಗೊತ್ತಿತ್ತು. ಮಗಳನ್ನು ಮಣ್ಣು ಮಾಡಿದ ಮೇಲೆ ಹೆಂಡತಿ ಕೇಳಿದ ಮೊದಲ ಮಾತು ಇದು ಎಂಬುದೂ ಗೊತ್ತಿತ್ತು. ಚಾಕುವನ್ನು ಒರೆಸಿ ಗೋಡೆಯ ಮಾಡದಲ್ಲಿ, ದೀಪದ ಪಕ್ಕ, ಇಟ್ಟ.

ಮರುದಿನ ಮನೆ ತುಂಬಿತು. ಇಮಾಮ್ ಸಾಬನ ಅಕ್ಕ ಬೀಬಿಜಾನ್ ಹಿತ್ತಲಿಗೆ ಬಂದು ನೋಡಿ, ಎಲ್ಲರಿಗೂ ಕೇಳುವಂತೆ ಅಂದಳು: "ಚಲೋ ಆತು. ಕೋಳಿ ಬೀಗರಂಗೆ ಅಂಗಳದಾಗ ಕುಂತಾವೆ, ಬೀಗರು ಬೇಳೆ ಉಣ್ತಾರೆ." ಹೆಂಗಸರು ನಕ್ಕರು. ಹಜೀರಾಬಿ ತಟ್ಟೆಗೆ ಖಿಚಡಿ ಬಡಿಸುತ್ತಲೇ ಇದ್ದಳು.

ಸಂಜೆ ಚಿತ್ತಾ ಮಳೆ ಕವಿದುಕೊಂಡು ಬಂತು. ಹೆಂಗಸರೆಲ್ಲ ನಡುಮನೆಯಲ್ಲಿ ಕುಳಿತು ಸುಗ್ರಾಬಿಗಾಗಿ ದುವಾ ಕೇಳುತ್ತಿದ್ದರು. ತಾಯಿ ನಡುವೆ ಎದ್ದು ಬರುವಂತಿರಲಿಲ್ಲ. ಮೂರು ಸಂಜೆ ಗೂಡು ತೋರಿಸಿದರೆ ನಾಲ್ಕನೆಯ ಸಂಜೆ ಕೋಳಿ ತಾನೇ ಹೋಗುತ್ತದೆ: ಕೋಳಿ ಸಾಕಿದ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಾರೆ. ಹಜೀರಾಬಿಯೂ ಅದನ್ನೇ ನಂಬಿದಳು. ದುವಾ ಮುಗಿದೊಡನೆ ಸೆರಗನ್ನು ತಲೆಗೆಳೆದುಕೊಂಡು ಮಳೆಯಲ್ಲಿ ಓಡಿ, ಬೆಕ್ಕು ನುಗ್ಗದಂತೆ ಗೂಡಿನ ಬಾಯಿಗೆ ಚಪ್ಪಡಿ ಎಳೆದು ಒಳಗೆ ಬಂದಳು. ಇಣುಕಿ ನೋಡಲಿಲ್ಲ. ನಾಟಿ ಕೋಳಿ ಸಾಕಿದವರು ಯಾರೂ ಇಣುಕುವುದಿಲ್ಲ.

ಬೆಳಗಿನ ನಮಾಜಿಗೆ ನೀರು ತರಲು ಹೋದಾಗ ಕಂಡಿತು. ಊಟದ ಅಡುಗೆಗೆಂದು ಹೂಡಿದ್ದ ಒಲೆಗಳ ಹಿಂದೆ, ಚೆಲ್ಲಿದ ಅನ್ನದ ಹತ್ತಿರ, ಹಿಂದಿನ ಸಂಜೆ ಕುಳಿತಿದ್ದಲ್ಲೇ ಅವು ಸತ್ತು ಬಿದ್ದಿದ್ದವು. ಪುಕ್ಕವಿಲ್ಲದ ಮೈಯ ಮೇಲೆ ಇರುಳೆಲ್ಲ ಮಳೆ ಸುರಿದಿತ್ತು. ಗೂಡು ಅಲ್ಲಿಗೆ ಒಂದು ಮಾರು ದೂರ. ಚಪ್ಪಡಿ ತೆಗೆದು ನೋಡಿದರೆ ಒಳಗೆ ಒಂದೇ ಕೋಳಿ ಬೆಚ್ಚಗೆ ಕುಳಿತಿತ್ತು.

ಬೀಬಿಜಾನ್ ಈ ಸಲ ಚುಚ್ಚಲಿಲ್ಲ. ಕೊಯ್ದಿದ್ದರೆ ನಾಲ್ಕು ಮಂದಿ ಉಂಡು ಹರಸುತ್ತಿದ್ದರು, ಸತ್ತದ್ದನ್ನು ಬಾಯಿಗಿಡುವಂತಿಲ್ಲ, ಇವು ಯಾರಿಗೂ ಆಗದೆ ಹೋದವು ಎಂದು ಮೆಲ್ಲಗೆ ಹೇಳಿ ಬಸ್ಸಿಗೆ ಹೊರಟಳು. ಇಮಾಮ್ ಸಾಬ್ ಗೋಡೆಯ ಮಗ್ಗುಲಲ್ಲಿ ಗುಂಡಿ ತೋಡಿದ.

"ಬಾಗ್ಲ ನಾನೇ ಹಾಕಿದೆ" ಎಂದಳು ಹಜೀರಾಬಿ. ಅವನು ಗುಂಡಿಗೆ ಮಣ್ಣು ಎಳೆಯುತ್ತಲೇ ಇದ್ದ.

ಮಧ್ಯಾಹ್ನ ಆಕೆ ಉಳಿದ ಒಂದು ಕೋಳಿಯನ್ನು ಒಯ್ಯೆಂದು ರಂಗವ್ವನನ್ನು ಕೇಳಿಕೊಂಡಳು.

"ನಮ್ಮವು ಇದನ್ನ ಕುಕ್ಕಿ ಸಾಯಿಸ್ತಾವೆ ಹಜೀರಮ್ಮ. ನಿನ್ನ ಹತ್ರಾನೇ ಇರ್ಲಿ."

"ನನ್ನ ಕೈ ಬ್ಯಾಡ ಅದಕ್ಕೆ" ಎಂದಳು ಹಜೀರಾಬಿ.

ರಂಗವ್ವ ಕೋಳಿಯನ್ನು ಅಲ್ಲೇ ಬಿಟ್ಟು ಹೋದಳು.

ಸಂಜೆಯಾಯಿತು. ಕೋಳಿ ಒದ್ದೆ ಅಂಗಳದ ನಡುವೆ ಒಂಟಿಯಾಗಿ ಕುಳಿತಿತ್ತು. ಹಿಂದಿನ ಸಂಜೆ ಒಳಗೆ ಹೋದದ್ದು ಇಂದು ಏಕೋ ಏಳಲಿಲ್ಲ. ಹಜೀರಾಬಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಹೊಸ್ತಿಲು ದಾಟಲಿಲ್ಲ. ಅಜಾನ್ ಆಯಿತು. ಇಮಾಮ್ ಸಾಬ್ ಟೋಪಿ ಹಾಕಿಕೊಂಡು ಮಸೀದಿಗೆ ಹೊರಟವನು ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿ ಬಂದ. ಚಪ್ಪಲಿ ಬಿಟ್ಟು ಕೆಸರಿಗೆ ಇಳಿದ. ಹಾಸಿಗೆ ಹೊಲಿದು ಒರಟಾದ ಎರಡೂ ಕೈಗಳಲ್ಲಿ ಕೋಳಿಯನ್ನು ಎತ್ತಿ ಹತ್ತಿಯ ಮೇಲೆ ಇಟ್ಟ. ಬಗ್ಗಿ ಗೂಡಿನೊಳಗೆ ಇಣುಕಿ, ಅದು ಕಾಲು ಮಡಿಸಿ ಕುಳಿತದ್ದನ್ನು ಕಂಡ ಮೇಲೆ ಚಪ್ಪಡಿ ಎಳೆದ. ಮತ್ತೆ ಕೈಕಾಲು ತೊಳೆದು ವುಜೂ ಮಾಡಿಕೊಂಡು ಹೋಗುವಷ್ಟರಲ್ಲಿ ಮಸೀದಿಯಲ್ಲಿ ಎಲ್ಲರೂ ಕೂಡಿ ಮಾಡುವ ಜಮಾತ್ ಮುಗಿದಿತ್ತು. ಅವನು ಹಿಂದಿನ ಸಾಲಿನಲ್ಲಿ ಒಬ್ಬನೇ ನಿಂತು ನಮಾಜು ಮಾಡಿದ.