ಎಸ್ತೇರಮ್ಮನ ಮನೆಯ ಪಾಳಿ

ನಮ್ಮ ಸಭೆಯವರಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ಚುರುಮುರಿ ಸುಸಲಾದ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ, ಬೈಬಲ್ ಓದು, ಕೊನೆಗೆ ಆ ಮನೆಗೆ ಆಶೀರ್ವಾದ, ಆಮೇಲೆ ಸುಸಲಾ, ಚಹಾ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಕುಟುಂಬಗಳಿಗೆ ಪಾಳಿ ಇತ್ತು. ಆಶೀರ್ವಾದ ಆಗದ ಪ್ರಾರ್ಥನೆ ನಮ್ಮಲ್ಲಿ ಲೆಕ್ಕಕ್ಕಿಲ್ಲ.

ಆಳಂದ ಕಡೆಯ ಮಾದನಹಿಪ್ಪರಗಾದ ಎಸ್ತೇರಮ್ಮನ ಪಾಳಿ ಮಾತ್ರ ಬರುತ್ತಲೇ ಇರಲಿಲ್ಲ. ಒಂಟಿ ಹೆಂಗಸು, ಒಂದೇ ಕೋಣೆ, ಸಂಜೆ ವಾಪಸ್ ಬಸ್ಸಿಲ್ಲ ಎಂದು ಅವಳನ್ನು ದಾಟಿ ಮುಂದೆ ಹೋಗುತ್ತಿದ್ದರು. ಹಾಗೆ ಹೇಳುವವರು ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಎಲ್ಲರ ಮನೆಯಲ್ಲಿ ತಿಂದುಂಡು, ಒಬ್ಬರಿಗೂ ಒಂದು ಗುಟುಕು ಚಹಾ ಕೊಡಲಾಗಲಿಲ್ಲವೆಂಬುದು ಅವಳನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ತನ್ನ ಮನೆಯಲ್ಲೂ ಒಮ್ಮೆ ಮಂದಿ ಕೂತು ಆಶೀರ್ವಾದ ಆಗಬೇಕು. ಅವಳಿಗೆ ಬೇಕಿದ್ದುದು ಇಷ್ಟೇ.

ಆಗ ಆಳಂದದ ನಮ್ಮ ಪಾಸ್ಟರ್ ಅರುಣಕುಮಾರರು ‘ಅನ್ಯೋನ್ಯ’ ಎಂಬ ಆ್ಯಪ್ ಹುಡುಕಿ ತಂದರು. ದಿನದ ಓದು ಅದರಲ್ಲೇ, ಪ್ರಾರ್ಥನೆಯ ಕೋರಿಕೆ ಅದರಲ್ಲೇ, ಮುಖ ನೋಡುತ್ತ ಸೇರುವುದೂ ಅದರಲ್ಲೇ. ಎಲ್ಲರೂ ಅವರವರ ಮನೆಯಲ್ಲೇ ಕೂತಿರುವಾಗ ಪ್ರಾರ್ಥನೆ ಯಾರ ಮನೆಯಲ್ಲಿ ಎಂದು ಕೇಳುವುದು ಶುದ್ಧ ಹುಚ್ಚು. ಆದರೆ ಅದು ಗೊತ್ತಾಗದೆ ನಮ್ಮವರ ಬಾಯಿಂದ ಆಮೆನ್ ಹೊರಡುವುದಿಲ್ಲ. ಹೀಗಾಗಿ ಆ್ಯಪಿನಲ್ಲೂ ಪಾಳಿ ನಡೆಯಿತು. ಪಾಳಿಯವರು ಸುಸಲಾದ ತಟ್ಟೆಯನ್ನು ಕ್ಯಾಮೆರಾಕ್ಕೆ ತೋರಿಸಿ ತಾವೇ ತಿನ್ನುವುದು, ಉಳಿದವರು ಉಗುಳು ನುಂಗುವುದು.

ಈಗ ಬಸ್ಸಿನ ನೆಪ ಉಳಿಯಲಿಲ್ಲ. ಎಸ್ತೇರಮ್ಮನ ಹೆಸರು ಬಂತು.

“ನೀವೇನೂ ಮಾಡೋದು ಬ್ಯಾಡ್ರಿ. ಫೋನ್ ಮುಂದ ಕುಂತ್ರ ಸಾಕು” ಎಂದರು ಪಾಸ್ಟರ್.

“ಮಂದಿ ಮನಿಗೆ ಬರಾಕತ್ತಾರಂದ್ರ ಸುಮ್ಮ ಕುಂದ್ರಲೇನ್ರಿ ಅಯ್ಯನವರ?” ಎಂದಳು ಎಸ್ತೇರಮ್ಮ.

ಗೋಡೆಗೆ ಸುಣ್ಣ ಬಳಿದಳು, ಜಮಖಾನ ಹಾಸಿದಳು. ಪ್ರಾರ್ಥನೆಯ ಹಿಂದಿನ ದಿನ, ಒಮ್ಮೆ ಸೇರಿ ನೋಡೋಣವೆಂದು ಪಾಸ್ಟರ್ ಎಲ್ಲರನ್ನೂ ಕರೆದಾಗ, ಫೋನ್ ತೆರೆದು ನೋಡಿದರೆ ಇಡೀ ಸಭೆ ಅಂಗೈಯಗಲದಲ್ಲಿ ಇಕ್ಕಟ್ಟಾಗಿ ಕೂತಿತ್ತು. ಪಕ್ಕದ ಮನೆಯ ಚಾಂದಬೀಯ ಹತ್ತಿರ ಓಡಿದಳು.

“ಇಷ್ಟು ದೊಡ್ಡ ಜಮಖಾನ ಹಾಸೇನಿ, ಇವರು ನೋಡಿದ್ರ ಒಬ್ಬರ ಮ್ಯಾಲ ಒಬ್ಬರು ಕುಂತಾರ. ಕರದು ಹಿಂಗ ತುರುಕಿದ್ರ ನನ್ನ ಮಾನ ಉಳೀತದೇನು?”

ಒಬ್ಬ ಅತಿಥಿಗೆ ಒಂದು ಫೋನ್ ಎಂದು ತೀರ್ಮಾನವಾಯಿತು. ಓಣಿಯಲ್ಲಿ ಮನೆಮನೆಗೆ ಹೋಗಿ ಕೇಳಿದಳು. ಫೋನ್ ಕೊಡಲು ಎಲ್ಲರೂ ತಯಾರು, ಆದರೆ ಕೈಬಿಟ್ಟು ಕೊಡಲು ಯಾರೂ ತಯಾರಿಲ್ಲ. ಹೀಗೆ ಒಂದೊಂದು ಫೋನಿನ ಹಿಂದೆ ಅದರ ಮಾಲೀಕರೂ ಬಂದರು. ಚಾಂದಬೀ ಬಂದಳು, ದರ್ಜಿ ಖಾದರಸಾಬ ಬಂದ, ಹಣೆಯ ವಿಭೂತಿ ಆರುವ ಮೊದಲೇ ಶಾಂತಲಿಂಗಪ್ಪನವರು ಬಂದರು, ಓಣಿಗೆ ಓಣಿಯೇ ಬಂತು. ಚಾಂದಬೀಯ ಸೊಸೆ ಅಫ್ರೀನ ಎಲ್ಲ ಫೋನಿಗೂ ಆ್ಯಪ್ ಹಾಕಿ ಒಂದೊಂದರಲ್ಲಿ ಒಂದೊಂದು ಮುಖ ದೊಡ್ಡದು ಮಾಡಿಕೊಟ್ಟಳು.

ಮರುದಿನ ಸಂಜೆ ಅಫಜಲಪುರದಲ್ಲಿ ನಾನು ನನ್ನ ಫೋನ್ ತೆರೆದಾಗ ಮೊದಲು ಕಂಡದ್ದು ನನ್ನನ್ನೇ. ನಾನು ಮಾದನಹಿಪ್ಪರಗಾದಲ್ಲಿ, ಶಾಂತಲಿಂಗಪ್ಪನವರ ತೊಡೆಯ ಮೇಲೆ ಕೂತಿದ್ದೆ. ಅಕ್ಕಪಕ್ಕದ ತೊಡೆಗಳ ಮೇಲೆ ನಮ್ಮ ಇಡೀ ಸಭೆ. ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು, ಹೊರಗೆ ಕಟ್ಟಿದ ಆಡು ಹಗ್ಗ ಹರಿದುಕೊಂಡು ಓಡಿತು. ಅಫ್ರೀನ ಎಸ್ತೇರಮ್ಮನ ಫೋನೊಂದನ್ನು ಬಿಟ್ಟು ಉಳಿದವುಗಳ ದನಿ ಮುಚ್ಚಿದಳು.

ಅಷ್ಟರಲ್ಲಿ ಜೇವರ್ಗಿಯ ಕಲ್ಯಾಣಕುಮಾರರು, ನಮ್ಮ ಸಭೆಯ ಹಿರಿಯರು, ತಾವು ಕೂತ ಜಾಗ ಗುರುತಿಸಿದರು.

“ಇದೇನ್ರಿ ಎಸ್ತೇರಮ್ಮಾ? ನನ್ನ ಚಪ್ಪಲಿ ಕಡೆ ಕುಂದ್ರಸೀರಲ್ಲ!”

ಅವರು ಚಾಂದಬೀಯ ತೊಡೆಯ ಮೇಲಿದ್ದರು. ಚಾಂದಬೀ ಮೊಣಕಾಲು ಮಡಚಲಾಗದೆ ಬಾಗಿಲ ಬಳಿ ಕಾಲು ಚಾಚಿ ಕೂತಿದ್ದಳು. ಎಸ್ತೇರಮ್ಮ ಗಾಬರಿಯಾಗಿ ಕೈಮುಗಿದು ಅವಳನ್ನು ಎಬ್ಬಿಸಿ ಮುಂದೆ ಕೂರಿಸಿದಳು. ಅವರು ಮುಂದೆ ಬಂದರೆ ನಾವೇನು ಕಮ್ಮಿ ಎಂದು ಇನ್ನೊಬ್ಬರು. ನನಗೂ ಮೂಲೆಯಿಂದ ಸರಿಯಾಗಿ ಕಾಣುತ್ತಿಲ್ಲ ಎಂದು ನಾನೂ ಹೇಳಿದೆ. ಮನೆಯಲ್ಲಿ ಕಾಲು ಚಾಚಿ ಕುರ್ಚಿಯ ಮೇಲೆ ಕೂತವರು ನಾವು, ಏಳುತ್ತ ಕೂರುತ್ತ ಬಸವಳಿದವರು ಆ ಓಣಿಯವರು. ಮತ್ತೆ ಮತ್ತೆ ಎದ್ದ ಚಾಂದಬೀ ಗೋಡೆ ಹಿಡಿದುಕೊಂಡು ನಿಂತಳು.

“ಯಾ ಅಲ್ಲಾ! ಈ ನಿಮ್ಮ ಹಿರಿಯಾರು ಫೋನ್‌ನ್ಯಾಗೂ ಇಷ್ಟು ಭಾರ ಅದಾರಲ್ಲಬೇ!”

ಅಂತೂ ಓದು ಮುಗಿಯಿತು. ಪಾಸ್ಟರ್ ಅರ್ಥ ಹೇಳಿದರು. ನಮ್ಮವರಲ್ಲಿ ಅರ್ಧ ಮಂದಿ ಆಕಳಿಸುತ್ತಿದ್ದರೆ ಶಾಂತಲಿಂಗಪ್ಪನವರು ಮಾತ್ರ, “ಹೌದ್ರಿ, ನಮ್ಮ ಶರಣರೂ ಇದನ್ನೇ ಹೇಳ್ಯಾರ್ರಿ” ಎಂದು ನನ್ನ ನೆತ್ತಿಯ ಮೇಲಿಂದ ತಲೆದೂಗುತ್ತಿದ್ದರು. ಪಾಸ್ಟರ್ ಆಶೀರ್ವಾದಕ್ಕೆ ಕೈ ಎತ್ತಿದರು. “ಕರ್ತನೇ, ಈ ಮನೆಯನ್ನು...” ಎಂದರು. ಆಳಂದದಲ್ಲಿ ಕರೆಂಟು ಹೋಯಿತು, ಜೊತೆಗೆ ಪಾಸ್ಟರರ ಮನೆಯ ವೈಫೈಯೂ. ಎತ್ತಿದ ಕೈ ಎತ್ತಿದಲ್ಲೇ ನಿಂತು ಮಾಯವಾಯಿತು. ಕೂಟ ಅವರ ಫೋನಿನಿಂದಲೇ ನಡೆಯುತ್ತಿದ್ದರಿಂದ ಆ್ಯಪ್ ನಮ್ಮೆಲ್ಲರನ್ನೂ ಹೊರಗೆ ತಳ್ಳಿತು.

ಮುಂದಿನದು ನಾನು ಆಮೇಲೆ ಚಾಂದಬೀಯಿಂದ ಕೇಳಿದ್ದು. ಎಲ್ಲರೂ ತೊಡೆಯ ಮೇಲೆ ಕಪ್ಪಾದ ಫೋನ್ ಇಟ್ಟುಕೊಂಡು ಕೂತಿದ್ದರಂತೆ. ಎಸ್ತೇರಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳಂತೆ.

“ಎಲ್ಲಾ ಆತು, ಆಶೀರ್ವಾದ ಒಂದು ಆಗಲಿಲ್ಲ. ಇನ್ನ ನನ್ನ ಪಾಳಿ ಬರಂಗಿಲ್ಲ.”

“ನೀವೇ ಹೇಳ್ರಲಾ” ಎಂದ ಖಾದರಸಾಬ. “ನಾವು ಆಮೀನ್ ಅಂತೀವಿ.”

“ನಾ ಹ್ಯಾಂಗ ಹೇಳಲಿ? ನಾ ಏನು ಪಾಸ್ಟರ್ ಏನು?”

“ಮನಿ ನಿಮ್ದು ಹೌದಲ್ರಿ?”

ನಾಲ್ಕು ಮಂದಿಯ ಮುಂದೆ ಎಂದೂ ಬಾಯಿ ಬಿಡದವಳು ಎದ್ದು ನಿಂತಳು. ಚಾಂದಬೀಯ ಮೊಣಕಾಲು, ಖಾದರಸಾಬನ ಹೊಲಿಗೆ ಮಷೀನು, ಶಾಂತಲಿಂಗಪ್ಪನವರ ತೊಗರಿ, ಓಡಿಹೋದ ಆಡು, ಎಲ್ಲವನ್ನೂ ಹೆಸರು ಹಿಡಿದು ದೇವರ ಕೈಗೆ ಒಪ್ಪಿಸಿದಳು. ಕೊನೆಗೆ ಈ ಮನೆಗೆ ಬಂದವರೆಲ್ಲ ಚೆನ್ನಾಗಿರಲಿ ಅಂದಳು. ಎಲ್ಲರೂ ತಮ್ಮ ತಮ್ಮ ರೂಢಿಯಂತೆ ಕಣ್ಣು ಮುಚ್ಚಿ ಕೇಳಿದರು.

ಕರೆಂಟು ಬಂದು ನಾವು ಮತ್ತೆ ಒಳಗೆ ಹೋದಾಗ ಎಸ್ತೇರಮ್ಮನ ಫೋನೊಂದೇ ತೆರೆದಿತ್ತು. ಕೋಣೆಯ ತುಂಬ ಚಹಾದ ಹಬೆ, ಬಾಯಿತುಂಬ ನಗು. ಶಾಂತಲಿಂಗಪ್ಪನವರ ತೊಡೆಯ ಮೇಲೆ ನಾನಿದ್ದ ಜಾಗದಲ್ಲಿ ಸುಸಲಾದ ತಟ್ಟೆ ಇತ್ತು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

“ಆಶೀರ್ವಾದ ಉಳದದ್ರಿ” ಎಂದರು ಕಲ್ಯಾಣಕುಮಾರರು. “ಹಿಂಗಾದ್ರ ಲೆಕ್ಕಕ್ಕ ಹಿಡಿಯಂಗಿಲ್ಲ.”

“ಹೌದ್ರಿ ಎಸ್ತೇರಮ್ಮಾ” ಎಂದರು ಪಾಸ್ಟರ್. “ಎಲ್ಲಾರನೂ ಮೊದಲಿನಂಗ ಕುಂದ್ರಸ್ರಿ, ಮುಗಿಸಿಬಿಡೋಣು.”

ಎಸ್ತೇರಮ್ಮ ಒಮ್ಮೆ ಹಿಂದೆ ತಿರುಗಿ ನೋಡಿದಳು. ಚಾಂದಬೀ ಕೋಣೆಯ ನಟ್ಟನಡುವೆ ಕಾಲು ಚಾಚಿ ಚಹಾ ಊದಿಕೊಂಡು ಕುಡಿಯುತ್ತಿದ್ದಳು.

“ಆಶೀರ್ವಾದ ಆಗೇದ್ರಿ ಅಯ್ಯನವರ” ಎಂದಳು ಎಸ್ತೇರಮ್ಮ. “ನಿಮಗ ಬರೋದಿದ್ರ ಬಸ್ ಹತ್ತಿ ಬರ್ರಿ. ಕುಂತ ಮಂದೀನ್ನ ನಾ ಎಬ್ಬಸಂಗಿಲ್ಲ.”