ಪರೀಕ್ಷೆಗೆ ಕಲಿತ ಕೈ

ಅಪ್ಪನಿಗೆ ಲಕ್ವ ಹೊಡೆದಾಗ ಕಾಲು ಉಳಿಯಿತು, ಮಾತು ಉಳಿಯಿತು. ಹೋಗಿದ್ದು ಬಲಗೈ ಮಾತ್ರ. ಬೇರೆ ಯಾರಾದರೂ ಆಗಿದ್ದರೆ ಈ "ಮಾತ್ರ" ಎಂಬ ಮಾತು ಸಮಾಧಾನ ಕೊಡುತ್ತಿತ್ತೇನೋ. ಅಪ್ಪ ದರ್ಜಿ. ಹೊಲಿಗೆ ಯಾರಾದರೂ ಹಾಕುತ್ತಾರೆ, ಕತ್ತರಿ ಹಿಡಿಯುವವನೇ ದರ್ಜಿ ಎನ್ನುತ್ತಿದ್ದವನು. ಆ ಕೈ ಮತ್ತೆ ಕತ್ತರಿ ಹಿಡಿಯದಿದ್ದರೆ ಅಂಗಡಿ ಇಲ್ಲ. ಅಂಗಡಿ ಇಲ್ಲದ ಅಪ್ಪ ಹೇಗಿರುತ್ತಾನೆಂದು ನನಗೆ ಊಹಿಸಲೂ ಆಗುತ್ತಿರಲಿಲ್ಲ.

ನಾನು ಬೆಳಗಿನ ಪಾಠ ಮುಗಿಸಿ ಶಾಲೆಯಿಂದ ಬಂದು, ದಿನಾ ಮಧ್ಯಾಹ್ನ ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಫಿಸಿಯೋಥೆರಪಿ ಕೋಣೆ ನೆಲಮಹಡಿಯಲ್ಲಿತ್ತು. ಉದ್ದನೆಯ ಮೇಜುಗಳು, ಕೆಲವೇ ಕುರ್ಚಿಗಳು. ಹೊರಗಿನ ಬೆಂಚಿನಲ್ಲಿ ಸರದಿಗಾಗಿ ಕಾದವರು ತಮ್ಮ ಸತ್ತ ಕೈಯನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂತಿರುತ್ತಿದ್ದರು. ಒಳಗೆ ಒಬ್ಬರ ಕುರ್ಚಿ ಖಾಲಿಯಾದರೆ ಹೊರಗಿನ ಒಬ್ಬರಿಗೆ ಕರೆ ಬರುತ್ತಿತ್ತು.

ಫಿಸಿಯೋಥೆರಪಿಸ್ಟ್ ಮೇಡಂ ಒಬ್ಬರೇ ಎಲ್ಲರನ್ನೂ ನೋಡಬೇಕಿತ್ತು. ಅದಕ್ಕೇ ಕಾಲೇಜಿನ ಮಕ್ಕಳು ಬರುತ್ತಿದ್ದರು. ಸಂಬಳವಿಲ್ಲ. ಮುಂದೆ ನರ್ಸಿಂಗೋ ಫಿಸಿಯೋಥೆರಪಿಯೋ ಓದಬೇಕೆಂದವರು, ಆ ಕೆಲಸ ಹೇಗಿರುತ್ತದೆಂದು ಹತ್ತಿರದಿಂದ ನೋಡಲು ಹಳದಿ ಕೋಟು ತೊಟ್ಟು ಬರುವವರು. ಗಾಲಿಕುರ್ಚಿ ತಳ್ಳುವುದು, ಟವೆಲ್ ಮಡಿಸುವುದು, ಮೇಡಂ ತೋರಿಸಿಕೊಟ್ಟ ವ್ಯಾಯಾಮವನ್ನು ರೋಗಿಯ ಪಕ್ಕ ಕೂತು ಮಾಡಿಸುವುದು ಅವರ ಪಾಲಿಗೆ.

ಅಪ್ಪನ ಪಾಲಿಗೆ ಬಂದ ಹುಡುಗಿ ಚುರುಕು. ಮೊದಲ ದಿನವೇ ಅಪ್ಪ ಅವಳ ಕೋಟನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಹೊಲಿದವನ ಕೈಗೂ ಲಕ್ವ ಹೊಡೆದಿತ್ತಾ?" ಅಂದ.

ಅವಳು ನಕ್ಕುಬಿಟ್ಟಳು. "ನಿಮ್ಮ ಕೈ ಸರಿಹೋದ್ಮೇಲೆ ನೀವೇ ಒಂದು ಹೊಲಿದುಕೊಡಿ ಅಂಕಲ್."

"ಕೊಡ್ತೀನಿ ಟೀಚರಮ್ಮ. ಈ ನನ್ನ ಮಗಳೇನೋ ಸ್ಕೂಲಲ್ಲಿ ಟೀಚರು, ಆದ್ರೆ ಮನೇಲಿ ಬರೀ ಪೊಲೀಸು. ನೀನೇ ನನಗೆ ಟೀಚರು."

ಮೇಡಂ ಅಪ್ಪನಿಗೆ ಕೊಟ್ಟಿದ್ದ ವ್ಯಾಯಾಮ ನೋಡಲು ಏನೂ ಅಲ್ಲ. ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಭುಜ ಎತ್ತದೆ ಮುಂದಕ್ಕೆ ತಳ್ಳಬೇಕು. ಆಮೇಲೆ ಬೆರಳನ್ನು ಒಂದೊಂದಾಗಿ ಬಿಡಿಸಬೇಕು. ಟವೆಲ್ ಒಂದಿಷ್ಟು ಸುಕ್ಕಾಗುತ್ತಿತ್ತು, ಅಷ್ಟೇ. ಅಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಶನಿವಾರ ಪರೀಕ್ಷೆ. ಕಪ್ಪನ್ನು ಬಾಯಿತನಕ ಎತ್ತಬೇಕು, ಮರದ ಗೂಟಗಳನ್ನು ತೂತಿಗೆ ಹಾಕಬೇಕು, ಬೀಗದಲ್ಲಿ ಕೀಲಿ ತಿರುಗಿಸಬೇಕು, ಗುಂಡಿ ಹಾಕಬೇಕು. ಪ್ರತಿ ವಾರವೂ ಅವೇ. ಅಪ್ಪನಿಗೆ ಒಂದೂ ಆಗಲಿಲ್ಲ. ಎಷ್ಟೋ ಜನರ ಅಂಗಿಗೆ ಗುಂಡಿ ಹಚ್ಚಿದವನು ಒಂದು ಗುಂಡಿಯ ಮುಂದೆ ಸೋತು ಕೂತ.

ಎರಡನೇ ಸಲವೂ ಹಾಗೇ ಆದಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಹೀಗೇ ಇದ್ರೆ ದಿನಾ ಕುರ್ಚಿ ಕೊಡೋದು ಕಷ್ಟ ಆಗುತ್ತಮ್ಮ. ಹೊರಗೆ ಎಷ್ಟು ಜನ ಇದಾರೆ ನೋಡಿ. ವಾರಕ್ಕೊಂದು ಸಲ ಕರೀಬೇಕಾಗಬಹುದು."

ಟವೆಲ್ ಮಡಿಸುತ್ತಿದ್ದ ಹುಡುಗಿಯ ಕೈ ನಿಂತಿತು. ಕೇಳಿಸಿಕೊಂಡಳು.

ಸೋಮವಾರದಿಂದ ಟವೆಲ್ ಮೂಲೆಗೆ ಹೋಯಿತು. ಮೇಡಂ ಕೋಣೆಯ ಆಚೆ ಕೊನೆಯಲ್ಲಿ ಇನ್ನೊಬ್ಬರ ಕಾಲು ಹಿಡಿದು ನಡೆಸುತ್ತಿದ್ದಾಗ ಇವಳು ಕಪ್ಪು, ಗೂಟ, ಬೀಗ, ಗುಂಡಿಯ ಹಲಗೆ ತಂದು ಅಪ್ಪನ ಮುಂದಿಟ್ಟಳು.

"ಅಂಕಲ್, ಬರೋ ಪ್ರಶ್ನೆ ಗೊತ್ತಿದೆ ಅಂದ್ಮೇಲೆ ಅದನ್ನೇ ಉರು ಹೊಡೀಬೇಕು. ಇಡೀ ಪುಸ್ತಕ ಓದ್ಕೊಂಡು ಕೂತ್ರೆ ಆಗಲ್ಲ. ನಾವೆಲ್ಲ ಹಾಗೇ ಪಾಸಾಗಿರೋದು."

"ನಾನು ಅದನ್ನೂ ಮಾಡದೆ ಫೇಲಾದವನು," ಅಂದ ಅಪ್ಪ. "ಹೇಳ್ಕೊಡು ಮತ್ತೆ."

ಅವಳು ಉಪಾಯಗಳನ್ನು ಹುಡುಕಿದಳು. ಮೈಯನ್ನು ಎಡಕ್ಕೆ ವಾಲಿಸಿ ಬಲಭುಜವನ್ನು ಕಿವಿಯತನಕ ಎತ್ತಿದರೆ ಕೈ ತಾನೇ ಮೇಲೆ ಬರುತ್ತಿತ್ತು. ಬಿಗಿದ ಮುಷ್ಟಿಯೊಳಕ್ಕೆ ಎಡಗೈಯಿಂದ ಗೂಟ ತೂರಿಸಿದರೆ ಅದು ಬೀಳುತ್ತಿರಲಿಲ್ಲ. ಕೀಲಿ ತಿರುಗಿಸಲು ಇಡೀ ತೋಳನ್ನೇ ತಿರುವಿದರಾಯಿತು. ಬಲಮುಷ್ಟಿಯಿಂದ ಬಟ್ಟೆ ಅದುಮಿ ಹಿಡಿದರೆ ಗುಂಡಿಯನ್ನು ಎಡಗೈಯೇ ಹಾಕುತ್ತಿತ್ತು. ಅಪ್ಪ ದಿನದಿನಕ್ಕೆ ಗೆಲುವಾದ. ಮನೆಯಲ್ಲೂ ಊಟದ ತಟ್ಟೆಯ ಮುಂದೆ ಕೂತು ಭುಜ ಎತ್ತಿ ಅಭ್ಯಾಸ ಮಾಡುತ್ತಿದ್ದ. ಅವನ ಅಂಗಿಯ ಕೊರಳು ಒಂದು ಪಕ್ಕಕ್ಕೆ ಎಳೆದುಕೊಂಡಿರುವುದು ನನಗೆ ಕಾಣುತ್ತಿತ್ತು. ಬೆರಳು ಬಿಡಿಸಿಕೊಳ್ಳದಿರುವುದೂ ಕಾಣುತ್ತಿತ್ತು. ಆದರೆ ಕಪ್ಪು ಮೇಲೇಳುತ್ತಿತ್ತು. ಕಪ್ಪು ಮೇಲೇಳುವಾಗ ಬೆರಳಿನ ಮಾತು ಯಾರು ಎತ್ತುತ್ತಾರೆ?

ಆ ಶನಿವಾರ ಮೇಡಂ ರಜೆ. ಬದಲಿಗೆ ಬಂದವರಿಗೆ ಅಪ್ಪನ ಗುರುತಿರಲಿಲ್ಲ. ಕಪ್ಪು ಬಾಯಿಗೆ ಬಂತೇ, ಬಂತು. ಗೂಟ ತೂತಿಗೆ ಬಿತ್ತೇ, ಬಿತ್ತು. ಕೀಲಿ, ಗುಂಡಿ ಎಲ್ಲವೂ ಆಯಿತು. ಅವರು ನೋಡಿದ್ದು ಕಪ್ಪನ್ನು, ಭುಜವನ್ನಲ್ಲ. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹುಡುಗಿಯ ಕಣ್ಣಲ್ಲಿ ನೀರು.

"ಭೇಷ್, ಎಲ್ಲಾ ಮಾಡಿಬಿಟ್ರಲ್ಲ," ಅಂದರು ಬದಲಿಯವರು. "ಇನ್ನು ನೀವು ಬರೋದು ಬೇಕಿಲ್ಲ. ಮನೇಲೇ ಕೈ ಆಡಿಸ್ತಾ ಇರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬಾಗಿಲಿಗೆ ಹೋಗಿ ಹೊರಗಿನ ಬೆಂಚಿನಿಂದ ಒಬ್ಬರನ್ನು ಕರೆದಾಗಿತ್ತು. ಅಪ್ಪ ಎದ್ದ ಕುರ್ಚಿಯ ಮೇಲೆ ತೋಳು ಜೋತುಬಿದ್ದ ಹೆಂಗಸೊಬ್ಬಳು ಬಂದು ಕೂತಳು. ಅವಳನ್ನು ಏಳು ಎನ್ನಲು ನನಗೆ ಬಾಯಿ ಬರಲಿಲ್ಲ. ಹುಡುಗಿ ಒಂದು ಕ್ಷಣ ಗಲಿಬಿಲಿಗೊಂಡಳು. ಆಮೇಲೆ ತಾನೇ ಧೈರ್ಯ ತಂದುಕೊಂಡು, "ಪಾಸಾದ್ಮೇಲೆ ಕ್ಲಾಸಿಗೆ ಯಾಕೆ ಬರಬೇಕು ಅಲ್ವಾ ಅಂಕಲ್?" ಅಂದಳು.

ಸೋಮವಾರ ಅಪ್ಪ ಅಂಗಡಿ ತೆಗೆದ. ಒಂದು ಪ್ಯಾಂಟಿನ ಬಟ್ಟೆ ಹಾಸಿ, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಹೇಗೋ ಗೆರೆ ಎಳೆದ. ಕತ್ತರಿಯನ್ನು ಬಲಗೈಗೆ ತೂರಿಸಿಕೊಂಡ. ಭುಜ ಎದ್ದಿತು, ಮೈ ವಾಲಿತು. ಕತ್ತರಿ ಮುಚ್ಚಿಯೇ ಇತ್ತು. ಅದು ತೆರೆಯಬೇಕಾದರೆ ಬೆರಳು ತೆರೆಯಬೇಕು. ಅದು ಪರೀಕ್ಷೆಯಲ್ಲಿ ಇರಲಿಲ್ಲ.

"ಎಣ್ಣೆ ಬಿಡಬೇಕು ಇದಕ್ಕೆ," ಅಂದ ಅಪ್ಪ. ನಾನು ಎಣ್ಣೆ ಬಿಟ್ಟೆ. ಕತ್ತರಿಗೆ ಏನೂ ಆಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ವಾರ ಭುಜದ ನೋವು ಶುರುವಾಯಿತು, ಮುಷ್ಟಿ ಇನ್ನಷ್ಟು ಬಿಗಿಯಿತು. ಮತ್ತೆ ಆಸ್ಪತ್ರೆಗೆ ಹೋದೆವು. ಮೇಡಂ ನಿಂತಲ್ಲೇ, ಅಪ್ಪನ ಮುಂದೆ ಕಪ್ಪಿಟ್ಟು, "ಎತ್ತಿ," ಅಂದರು. ಅಪ್ಪ ಎತ್ತಲು ಹೊರಟ. ಅವರು ತಮ್ಮ ಅಂಗೈಯನ್ನು ಅವನ ಭುಜದ ಮೇಲಿಟ್ಟು ಮೆಲ್ಲಗೆ ಅದುಮಿ ಹಿಡಿದರು.

"ಈಗ ಎತ್ತಿ."

ಕಪ್ಪು ಮೇಜು ಬಿಟ್ಟು ಏಳಲಿಲ್ಲ.

"ಇದನ್ನ ಯಾರು ಹೇಳಿಕೊಟ್ಟಿದ್ದು?"

"ನಾನೇ ಮೇಡಂ," ಅಂದ ಅಪ್ಪ. "ದರ್ಜಿ ಬುದ್ಧಿ. ಹರಿದಲ್ಲಿ ತೇಪೆ ಹಾಕಿಬಿಟ್ಟೆ."

"ಅಲ್ಲ, ನಾನು," ಅಂದಳು ಹುಡುಗಿ, ಹಿಂದಿನಿಂದ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡು, ಲಕ್ವ ಹೊಡೆದ ಹೊಸದರಲ್ಲಿ ನಾವು ಹೇಳಿದ್ದನ್ನ ಕೈ ಕೇಳುತ್ತೆ. ಆ ದಿನಗಳಲ್ಲಿ ನೀನು ಭುಜಕ್ಕೆ ಕಲಿಸಿದೆ. ಕೈ ಸುಮ್ಮನೆ ಕೂತಿತ್ತು. ಈಗ ಮೊದಲು ಭುಜಕ್ಕೆ ಮರೆಸಬೇಕು, ಆಮೇಲೆ ಕೈಗೆ ಕಲಿಸಬೇಕು."

"ಕತ್ತರಿ ಹಿಡೀತಾರಾ?" ಕೇಳಿದೆ.

ಅವರು ಅಪ್ಪನ ಬೆರಳುಗಳನ್ನು ಬಿಡಿಸಿ ನೋಡಿದರು. ಬಿಟ್ಟೊಡನೆ ಅವು ಮಡಚಿಕೊಂಡವು. "ಹೆಸರು ಮತ್ತೆ ಸರದಿಗೆ ಸೇರಿಸ್ತೀನಮ್ಮ," ಅಂದರು. ನಾನು ಕೇಳಿದ್ದು ಅದಲ್ಲ. ಸರದಿ ಬೆಂಚು ದಾಟಿ ಮೆಟ್ಟಿಲತನಕ ಬೆಳೆದಿತ್ತು.

ಹುಡುಗಿ ಹೊರಬಾಗಿಲತನಕ ಓಡಿಬಂದಳು. "ಅಕ್ಕ, ನಾನು ಮನೆಗೇ ಬರ್ತೀನಿ. ಮೇಡಂ ಹೇಗೆ ಹೇಳ್ತಾರೋ ಹಾಗೇ ಮಾಡಿಸ್ತೀನಿ. ದಿನಾ ಬರ್ತೀನಿ."

ನಾನು ಬೇಡವೆನ್ನುವಷ್ಟರಲ್ಲಿ ಅಪ್ಪ, "ಬಾ ಟೀಚರಮ್ಮ," ಅಂದ.

ಮಾತಿಗೆ ತಪ್ಪದೆ ಬಂದಳು. ಕಾಲೇಜು ಮುಗಿಸಿ ಬಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪನ ಭುಜವನ್ನು ಅದುಮಿ ಹಿಡಿದು, "ಬೆರಳು ಬಿಡಿಸಿ ಅಂಕಲ್, ನಿಧಾನ," ಎನ್ನುತ್ತಿದ್ದಳು. ಅವಳ ಮೊದಲಿನ ಚುರುಕು ಎಲ್ಲಿ ಹೋಗಿತ್ತೋ. ಯಾವುದಕ್ಕೂ ಮೇಡಂ ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ. ಮುಂದೆ ಏನು ಓದುತ್ತೀಯೆಂದು ಅಪ್ಪ ಕೇಳಿದರೆ, "ಗೊತ್ತಿಲ್ಲ" ಅಂದುಬಿಡುತ್ತಿದ್ದಳು. ಅಂಗಡಿಗೆ ಬಂದವರು ಕೊಟ್ಟ ಬಟ್ಟೆ ಏನಾಯಿತೆಂದು ಕೇಳಿ ಹೋಗುತ್ತಿದ್ದರು. ನಾನು ಮುಂದಿನ ವಾರ ಎನ್ನುತ್ತಿದ್ದೆ.

ಒಂದು ಸಂಜೆ ಅವಳು ಬಹಳ ಹೊತ್ತು ಆ ಮುಷ್ಟಿಯನ್ನೇ ನೋಡುತ್ತ ಕೂತಿದ್ದು, ಇದ್ದಕ್ಕಿದ್ದಂತೆ, "ಅಂಕಲ್, ಈಗ ತೋರುಬೆರಳು ಅಲ್ಲಾಡ್ತಲ್ವಾ?" ಅಂದಳು.

ಅಪ್ಪ ಅವಳ ಮುಖ ನೋಡಿದ. "ಹ್ಞೂಂ, ಅಲ್ಲಾಡ್ತು," ಅಂದ. "ನನಗೂ ಗೊತ್ತಾಯ್ತು."

ಅವಳು ನನ್ನತ್ತ ತಿರುಗಿದಳು. "ಅಕ್ಕ, ನೀವೂ ನೋಡಿದ್ರಲ್ಲ?"

ನಾನು ಆ ಬೆರಳಿನಿಂದ ಕಣ್ಣು ಕಿತ್ತಿರಲಿಲ್ಲ.

"ಇಲ್ಲ ಮಗು," ಅಂದೆ. "ಅಲ್ಲಾಡಲಿಲ್ಲ."

ಅವಳ ಕೈ ಅಪ್ಪನ ಭುಜದ ಮೇಲೆ ಹಾಗೇ ಇತ್ತು. ನಾನು ಎದ್ದು ಅಂಗಡಿಗೆ ಹೋಗಿ, ಕಪಾಟಿನಲ್ಲಿದ್ದ ಕತ್ತರಿಸದ ಬಟ್ಟೆಗಳನ್ನು ಕೆಳಗಿಳಿಸಿ, ಯಾರದು ಯಾವುದೆಂದು ನೋಡಿ ಬೇರೆ ಬೇರೆ ಗಂಟು ಕಟ್ಟತೊಡಗಿದೆ. ಅಡ್ಡರಸ್ತೆಯ ದರ್ಜಿಯ ಅಂಗಡಿ ಮುಚ್ಚುವುದರೊಳಗೆ ಅವನ್ನೆಲ್ಲ ಅಲ್ಲಿಗೆ ತಲುಪಿಸಬೇಕಿತ್ತು.